ತೊಳೆಯದ ಹಿಮ್ಮಡಿ

ಸಂತರನ್ನು ಗುಲಾಬಿ ಕೆನ್ನೆಯ ಮದುಮಕ್ಕಳ ಹಾಗೆ ಬರೆದ ಕ್ಯಾಲೆಂಡರ್ ಚಿತ್ರಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನೂರು ವರ್ಷದ ಹಿಂದೆ ಇಟಲಿಯ ಕೆಲವು ಚಿತ್ರಕಾರರು ಬೀದಿಯ ಹಮಾಲರನ್ನು ಕರೆತಂದು, ಕತ್ತಲ ಕೋಣೆಯಲ್ಲಿ ಒಂದೇ ಕಡೆಯಿಂದ ಬೆಳಕು ಬಿಟ್ಟು, ಉಗುರಿನ ಕೊಳೆಯ ಸಮೇತ ಸಂತರನ್ನಾಗಿ ಬರೆದರು. ಚಿತ್ರ ಬರೆಯುವ ನನಗೆ ಅವರೇ ಗುರುಗಳು.

ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದವನು ಉಡುಪಿ ಕಡೆಯ ಕ್ರೈಸ್ತ. ಕಟ್ಟಡದ ಸೈಟಿನಲ್ಲಿ ಕಂಬಿ ಕಟ್ಟುವ ಕೆಲಸ. ಚರ್ಚಿನಲ್ಲಿ ಆ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಆಗ ಅಲ್ಲಿ ರಜೆಯೂ ಚರ್ಚಿನ ಪೂಜೆಯೂ ಶುಕ್ರವಾರ; ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹಾಡುವವರ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ; ಆ ಮರ್ಯಾದೆಯೊಂದೇ ಅವನ ಆಸ್ತಿ. ಹಬ್ಬಕ್ಕೆ, ತನ್ನ ಗುರುವನ್ನೇ ಅರಿಯೆನೆಂದು ಹೇಳಿ ಆಮೇಲೆ ಮೊಣಕಾಲೂರಿ ಅಳುವ ಬೆಸ್ತ ಸಂತನ ಚಿತ್ರ ಬೇಕೆಂದು ಚರ್ಚಿನ ಸಮಿತಿ ಕೇಳಿದಾಗ, ನನ್ನ ಹೆಸರು ಹೇಳಿದವನೂ ಅವನೇ, ಸಂತನಾಗಿ ನನ್ನೆದುರು ಕೂರಲು ಒಪ್ಪಿದವನೂ ಅವನೇ.

ಮೊದಲ ಗುರುವಾರ ಸಂಜೆ ಮಿಂದು, ಹಿಮ್ಮಡಿ ಉಜ್ಜಿ, ಪೌಡರ್ ಹಾಕಿಕೊಂಡು ಕೂತ. ನನಗೆ ರೇಗಿತು. ಮುಂದಿನ ವಾರದಿಂದ ಕೈಕಾಲು ತೊಳೆಯದೆ, ಸೈಟಿನಿಂದ ಬಂದ ಹಾಗೇ ಕೂರಬೇಕೆಂದು ಗದರಿಸಿದೆ. ಕಿಟಕಿಗೆ ಕಂಬಳಿ ಕಟ್ಟಿ, ಕಪಾಟಿನ ಮೇಲೆ ಒಂದು ಟೇಬಲ್ ಲ್ಯಾಂಪ್ ಇಟ್ಟೆ. ಬೆಳಕು, ನನಗೆ ಬೆನ್ನು ಮಾಡಿ ಮೊಣಕಾಲೂರಿದ್ದ ಅವನ ಕತ್ತಿನ ಮೇಲೆ ಬಿದ್ದು, ಸಿಮೆಂಟು ಮೆತ್ತಿದ, ಸೀಳು ಬಿಟ್ಟ ಹಿಮ್ಮಡಿಯವರೆಗೆ ಇಳಿಯಿತು. ಎಂಟು ವಾರ ಬರೆದೆ. ಅವನಿಗೆ ಒಮ್ಮೆಯೂ ತೋರಿಸಲಿಲ್ಲ.

ಚಿತ್ರಕ್ಕೆ ಕೂತವನು ಅವನೆಂದು ಚರ್ಚಿಗೆಲ್ಲ ಗೊತ್ತಿತ್ತು. ಹಬ್ಬದ ದಿನ ಅದರ ಮೇಲಿನ ಬಟ್ಟೆ ಸರಿಸಿದಾಗ ಜನ ಮೊದಲು ಚಿತ್ರದ ಹಿಮ್ಮಡಿ ನೋಡಿದರು, ಆಮೇಲೆ ಅವನ ಶೂ ನೋಡಿದರು. ಯಾರೋ ನಕ್ಕರು. ಅವನ ಕೆಲಸ ಏನೆಂದು ಯಾರೂ ಕೇಳಬೇಕಾಗಲಿಲ್ಲ. ಚಿತ್ರದ ಕಾಲನ್ನಾದರೂ ತೊಳೆದು ಕೊಡಿ ಎಂದ ಸಮಿತಿಯ ಅಧ್ಯಕ್ಷನಿಗೆ ಬಾಯಿಗೆ ಬಂದದ್ದು ಬೈದು, ಚಿತ್ರ ಹೊತ್ತು ಹೊರಟೆ. ಟ್ಯಾಕ್ಸಿಯಲ್ಲಿ ಅವನು ಎರಡೂ ಕಾಲನ್ನು ಸೀಟಿನಡಿಗೆ ಎಳೆದುಕೊಂಡು ಕೂತ. ಅಂಥ ಚಿತ್ರಕ್ಕೆ ಕೂತವನಿಗೆ ಒಂದಿಷ್ಟೂ ಹೆಮ್ಮೆಯಿಲ್ಲವಲ್ಲ ಎಂದು ಅವನ ಮೇಲೂ ಸಿಟ್ಟು ಬಂತು.

ಕೋಣೆಗೆ ಬಂದವನೇ ಬಚ್ಚಲಿಗೆ ಹೋದ. ಕಲ್ಲಿನಿಂದ ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು. ಅದೇ ಬಿಳಿ ಅಂಗಿಯಲ್ಲಿ ಹೊರಬಂದು, ತಾನೇ ಲ್ಯಾಂಪ್ ಹಾಕಿ, ಅದೇ ಜಾಗದಲ್ಲಿ, ಈ ಸಲ ನನ್ನತ್ತ ಮುಖ ಮಾಡಿ ಕೂತ.

"ಅದು ಕೂಡ ನಾನೇ ಮಾರಾಯ್ರೆ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಶುಕ್ರವಾರದವನು ಕೂಡ ನಾನೇ ಅಲ್ವಾ? ಈಗ ಬರೀರಿ."

ಬಣ್ಣ ಮುಗಿದಿದೆ ಎಂದೆ. ತುಂಬಿದ ಟ್ಯೂಬುಗಳು ಮೇಜಿನ ಮೇಲೆ, ಅದೇ ಬೆಳಕಿನಲ್ಲಿ, ಸಾಲಾಗಿ ಬಿದ್ದಿದ್ದವು. ಅವನೂ ನೋಡಿದ.