ಗಾಜಿನ ಮೇಲಿಟ್ಟ ಕುಂಕುಮ

ನನ್ನ ಎಡ ಮೊಣಕೈಯ ಒಳಬದಿಗೆ ಗೋಲಿಯಷ್ಟು ಗಂಟು ಕಾಣಿಸಿಕೊಂಡಾಗ ನಾವು ಒಂಟಿಕೊಪ್ಪಲಿನ ವಠಾರವೊಂದರಲ್ಲಿದ್ದೆವು. ಯಜಮಾನರ ಕೆಲಸದ ಮೇಲೆ ಕೆಲವು ವರ್ಷ ಕರಾವಳಿಯಲ್ಲಿದ್ದು ಆಗಷ್ಟೇ ಮೈಸೂರಿಗೆ ಮರಳಿದ್ದೆವು. ನನ್ನ ದೊಡ್ಡಮ್ಮನಿಗೆ ಕ್ಯಾನ್ಸರ್ ಶುರುವಾದದ್ದೂ ಇಂಥದೇ ಗಂಟಿನಿಂದ. ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ, ಎಲ್ಲರೂ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದರು.

ಡಾಕ್ಟರಮ್ಮ ದೊಡ್ಡಮ್ಮನ ಕತೆ, ಕರಾವಳಿಯ ಕತೆ ಎಲ್ಲ ಕೇಳಿಸಿಕೊಂಡು, "ಕೊಯ್ಯೋದೇನೂ ಬೇಡ. ಸೂಜಿ ಚುಚ್ಚಿ ಒಂದು ಹನಿ ತೆಗೆದು ನೋಡೋಣ" ಎಂದರು. ಜೊತೆಗೆ ಬಂದಿದ್ದ ನಮ್ಮ ಅತ್ತೆ ನನಗಿಂತ ಮೊದಲು ಕಣ್ಣು ಮುಚ್ಚಿಕೊಂಡರು. ಎಳೆದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು ಡಾಕ್ಟರಮ್ಮ ಕೈ ತೊಳೆಯಲು ಹೋದರು. ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಹುಬ್ಬು ಗಂಟಿಕ್ಕಿದರು. ಮತ್ತೆ ನೋಡಿದರು.

"ಏನ್ರೀ ಇದು? ಬರೀ ಕೆಂಪು ಕೆಂಪು ಚೂರು! ಇಂಥಾದ್ದು ನಾನು ಕಂಡೇ ಇಲ್ಲ."

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು, "ನಾನೇ ಕಣಮ್ಮ, ಒಂದು ಚಿಟಿಕೆ ಕುಂಕುಮ ಇಟ್ಬುಟ್ಟೆ. ಮನೆದೇವ್ರದು. ಒಳ್ಳೇ ಸುದ್ದಿ ಹೇಳ್ಬೇಕಾದ ಗಾಜು, ಬೋಳಾಗಿ ಯಾಕಿರ್ಬೇಕು ಅಂತ" ಎಂದರು.

"ಅಲ್ಲಮ್ಮಾ, ನಾನು ರೋಗ ಹುಡುಕ್ತಾ ಇದ್ರೆ ನೀವು ಅದಕ್ಕೆ ಪೂಜೆ ಮಾಡ್ತಿದ್ದೀರಲ್ಲ!"

ಮತ್ತೆ ಚುಚ್ಚಿಸಿಕೊಂಡೆ. ಈ ಸಲ ಬಲಗೈಯಲ್ಲಿ ಅತ್ತೆಯ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡಿದ್ದೆ. ನೋಡುತ್ತಿದ್ದ ಡಾಕ್ಟರಮ್ಮ ಇದ್ದಕ್ಕಿದ್ದಂತೆ ನಕ್ಕರು. "ಬನ್ನಿ, ನೀವೇ ನೋಡಿ."

ಬೆಳಕಿನ ವೃತ್ತದೊಳಗೆ ಶಾವಿಗೆಯ ಚೂರಿನಂಥದ್ದೊಂದು ಅತ್ತ ಬಳುಕಿ ಇತ್ತ ನುಲಿದು ಕುಣಿಯುತ್ತಿತ್ತು.

"ಸೊಳ್ಳೆಯಿಂದ ಬರೋ ಹುಳದ ಮರಿ. ಕರಾವಳೀಲಿ ಹತ್ಕೊಂಡಿರಬೇಕು. ನೀವು ಹೆದರ್ಕೊಂಡಿದ್ರಲ್ಲ, ಅದರ ಗುರುತು ಇಲ್ಲಿ ಒಂದೂ ಇಲ್ಲ. ಮಾತ್ರೆ ಕೊಡ್ತೀನಿ."

ಅತ್ತೆಯೂ ಬಗ್ಗಿ ನೋಡಿದರು. "ಅಯ್ಯೋ, ಎಂಗೆ ಕುಣೀತದೆ! ಇಷ್ಟು ದಿನ ನಮ್ಮನೆ ಅನ್ನ ತಿಂದು ಬಾಯ್ಬಿಡ್ಲಿಲ್ವಲ್ಲ ಮುಂಡೇದು!"

ಅಲ್ಲಿ ಶುರುವಾದ ನಗು ಜಟಕಾ ಹತ್ತಿದರೂ ನಿಲ್ಲಲಿಲ್ಲ. ಕಾರಣ ಗೊತ್ತಿಲ್ಲದೆ ಗಾಡಿಯವನೂ ನಕ್ಕ. ವಠಾರದ ಬಾಗಿಲಲ್ಲಿ ಯಜಮಾನರು ಮುಖ ಇಳಿಬಿಟ್ಟು ನಿಂತಿದ್ದರು. ಗಾಡಿ ನಿಲ್ಲುವ ಮೊದಲೇ, "ಹುಳ ಕಣ್ರೀ! ಬರೀ ಹುಳ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಎದುರುಮನೆಯಾಕೆ ಕಿಟಕಿಯಿಂದ, "ಅಕ್ಕೀಲೋ, ಬೇಳೇಲೋ?" ಎಂದರು.

"ಇಲ್ಲ ಕಣಮ್ಮ, ನಮ್ಮ ಸೊಸೇಲಿ!" ಎಂದರು ಅತ್ತೆ, ಬಲು ಹೆಮ್ಮೆಯಿಂದ.

ಯಜಮಾನರು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತರು. ನಗುತ್ತ ನಗುತ್ತಲೇ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.