ಗೌಡರ ಮೇಲೆ ಹೊರಿಸಿದ ಮಾತು

ನಂಜುಂಡಯ್ಯ, ಹಾಸನದಲ್ಲಿ ಅವತ್ತು ನಿನಗೆ ಬಾಡಿಗೆಗೆ ಮನೆ ಕೊಡದೆ ಹಿಂದಕ್ಕೆ ಕಳಿಸಿದವನು ನಾನು. ರಂಗೇಗೌಡರಲ್ಲ. ನೀನು ಬಂದು ಕೇಳಿದ್ದೇ ಅವರಿಗೆ ಗೊತ್ತಿರಲಿಲ್ಲ. ಆ ಮನೆಯೂ ಅವರದಲ್ಲ — ನನ್ನದು. ಕ್ರಯಪತ್ರದಲ್ಲಿ ಮಾತ್ರ ಅವರ ಹೆಸರಿತ್ತು. ಇಷ್ಟು ಹೇಳುವುದಕ್ಕೆ ನನಗೆ ಏಳು ವರ್ಷ ಬೇಕಾಯಿತು.

ನಿನಗೆ ಗೊತ್ತಿರುವುದು ಅರ್ಧ. ಉಳಿದರ್ಧವನ್ನೂ ಹೇಳದಿದ್ದರೆ ಈ ತಪ್ಪಿನ ಅಳತೆ ನಿನಗೆ ಸಿಕ್ಕುವುದಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ. ಹಾಗೆ ಬರೆಯುವಾಗ ನಡುನಡುವೆ ನನ್ನ ಹೆಮ್ಮೆಯೂ ಬಂದೀತು — ಅದನ್ನು ಮುಚ್ಚಿಟ್ಟರೆ ಇನ್ನೊಂದು ಸುಳ್ಳು ಹೇಳಿದಂತಾಗುತ್ತದೆ.

ನಾನು ಹೊಳೆನರಸೀಪುರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನೆಂದು ನೀನು ಬಲ್ಲೆ. ನಿನ್ನ ಹಾಗೆಯೇ ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು. ಎತ್ತು ಹೊಡೆದುಕೊಂಡು ಬಂದವರು ಹಗ್ಗವನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ, ನೆಲಕ್ಕೆ ಹಾಕುತ್ತಿದ್ದರು. ನಾನು ಎತ್ತಿಕೊಳ್ಳುತ್ತಿದ್ದೆ. ಎತ್ತು ವಾಸಿಯಾದ ಮೇಲೂ ಹಗ್ಗ ನೆಲದ ಮೇಲೇ. ಹಾಗೆ ಮಾಡದಿದ್ದವರು ಚನ್ನರಾಯಪಟ್ಟಣದ ಕಡೆಯ ರಂಗೇಗೌಡರೊಬ್ಬರೇ. ದೊಡ್ಡ ಜಮೀನುದಾರರು. ಒಮ್ಮೆ ಅವರ ಎಮ್ಮೆಗೆ ಕರು ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಮೊಣಕೈ ಮುಳುಗುವಷ್ಟು ಕೈ ಹಾಕಿ ಅದನ್ನು ತಿರುಗಿಸಿ ಹೊರಗೆಳೆದೆ. ಎಮ್ಮೆಯೂ ಉಳಿಯಿತು, ಕರುವೂ ಉಳಿಯಿತು. ಗೌಡರು ತಾವೇ ಚೊಂಬು ಹಿಡಿದು ನನ್ನ ಕೈಗೆ ನೀರು ಹಾಕಿದರು. ಆಳುಗಳೆಲ್ಲ ನೋಡುತ್ತಾ ನಿಂತಿದ್ದರು. ಆ ದಿನದಿಂದ ನಾವು ಸ್ನೇಹಿತರು.

ನನ್ನ ಮಗಳು ಪುಟ್ಟತಾಯಿ ಓದಿನಲ್ಲಿ ಹಟಮಾರಿ. ಡಾಕ್ಟರಾಗುತ್ತೇನೆಂದು ಹೈಸ್ಕೂಲಿನಲ್ಲೇ ಹೇಳಿಬಿಟ್ಟಿದ್ದಳು. ನಮ್ಮ ರಾಜ್ಯದಲ್ಲಿ ಸೀಟು ಸಿಗಲಿಲ್ಲ. ರೈಲ್ವೆಯಲ್ಲಿದ್ದ ನಮ್ಮ ಕಡೆಯವನೊಬ್ಬ ನಾಗಪುರದಿಂದ ಅರ್ಜಿ ಕಳಿಸಿಕೊಟ್ಟ. ಅಲ್ಲಿ ಸಿಕ್ಕಿತು. ಆಗ ಅದು ಮುಂಬಯಿ ರಾಜ್ಯ. ಮೂರು ರೈಲು ಬದಲಾಯಿಸಿ ಹೋಗಬೇಕಾದ ಊರು. ಹೊರರಾಜ್ಯದವರಿಗೆ ಶುಲ್ಕವೂ ಹೆಚ್ಚು. ಸರ್ಕಾರದ ವಿದ್ಯಾರ್ಥಿವೇತನವೇನೋ ಇತ್ತು, ಆದರೆ ಅದು ವರ್ಷದ ಕೊನೆಗೆ ಬರುವುದು. ಹಾಸ್ಟೆಲಿನವರು, ಪುಸ್ತಕದಂಗಡಿಯವರು ಅಲ್ಲಿಯವರೆಗೆ ಕಾಯುತ್ತಾರೆಯೇ?

ಕೊಣನೂರಿನ ಹತ್ತಿರ ನನ್ನ ಹೆಂಡತಿ ಸಿದ್ದಮ್ಮನಿಗೆ ತವರಿನಿಂದ ಬಂದ ಎರಡು ಎಕರೆ ಹೊಗೆಸೊಪ್ಪಿನ ಹೊಲವಿತ್ತು. ಅದನ್ನು ಮಾರಿ ಶುಲ್ಕ ಕಟ್ಟೋಣವೆಂದು ನಾನು ಹೇಳಿದೆ. ಅವಳು ರಾಗಿ ಬೀಸುತ್ತಿದ್ದವಳು ಕೈ ನಿಲ್ಲಿಸಿದಳು.

"ಒಲ ಮಾರಿ ದುಡ್ಡು ಕಟ್ಟುದ್ರೆ ಎಲ್ಡು ವರ್ಸಕ್ಕೆ ಮುಗ್ದೋಯ್ತದೆ. ಒಲ ಮಾರಿ ಆಸನದಾಗೆ ಮನೆ ತಗಳಾನ. ಬಾಡ್ಗೆ ತಿಂಗ್ಳು ತಿಂಗ್ಳೂ ಬತ್ತದೆ. ಮಗೀದು ಓದು ಮುಗುದ್ರೂ ಮನೆ ಇರ್ತದೆ" ಎಂದಳು.

ಅಕ್ಷರ ಬಾರದ ಹೆಂಗಸು. ಆ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ.

ಹಾಸನದಲ್ಲಿ ಮೂರು ಮನೆ ನೋಡಿದೆವು. ನಾವು ಯಾರೆಂದು ತಿಳಿದ ಕೂಡಲೇ ಒಂದನ್ನು ಮಾರುವುದಿಲ್ಲವೆಂದರು, ಇನ್ನೊಂದು ಆಗಲೇ ಮಾರಾಟವಾಗಿದೆಯೆಂದರು, ಮೂರನೆಯವರು ಬಾಗಿಲೇ ತೆರೆಯಲಿಲ್ಲ. ರಂಗೇಗೌಡರಿಗೆ ಹೇಳಿಕೊಂಡೆ. ಅವರು ಎಲೆಯಡಿಕೆ ಉಗಿದು, "ನನ್ನೆಸ್ರಲ್ಲಿ ತಗಾ ಕಣ್ಲಾ ಜವರಯ್ಯ. ನಿನ್ ಮಗಳು ಡಾಕ್ಟ್ರಾಗಿ ಬಂದ್ಮ್ಯಾಕೆ ನಿನ್ನೆಸ್ರಿಗೆ ಬರ್ಕೊಡ್ತೀನಿ" ಎಂದರು. ಕಾಗದವಿಲ್ಲ, ಸಾಕ್ಷಿಯಿಲ್ಲ. ಅವರ ಮಾತೊಂದೇ. ಅದನ್ನು ನಂಬಿ ನನ್ನ ಹೆಂಡತಿಯ ಹೊಲ ಮಾರಿದೆ.

ಮುಂದೊಂದು ಭಾಗ, ಹಿಂದೊಂದು ಭಾಗ, ನಡುವಿನ ಅಂಗಳದಲ್ಲಿ ಒಂದು ಬಾವಿ — ಹೆಂಚಿನ ಮನೆ. ಮುಂಭಾಗದಲ್ಲಿ ಕೋರ್ಟಿನ ಗುಮಾಸ್ತರೊಬ್ಬರು ಸಂಸಾರ ಸಮೇತ ಇದ್ದರು. ಅವರ ಲೆಕ್ಕದಲ್ಲಿ ನಾನು ಗೌಡರ ವಸೂಲಿಯವನು. ತಿಂಗಳಿಗೊಮ್ಮೆ ಹೋಗಿ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದೆ. ಅವರು ಬಾಡಿಗೆಯನ್ನು ಮೆಟ್ಟಿಲ ಮೇಲೆ ಇಟ್ಟು ಒಳಗೆ ಸರಿಯುತ್ತಿದ್ದರು. ನಂಜುಂಡಯ್ಯ, ಆಗ ನನಗೆ ಅವಮಾನವಾಗುತ್ತಿತ್ತೆಂದು ತಿಳಿಯಬೇಡ. ನಗು ಬರುತ್ತಿತ್ತು. ನನ್ನ ಮೆಟ್ಟಿಲು, ನನ್ನ ಹೆಂಚು, ನನ್ನ ಬಾವಿ — ಅಲ್ಲಿಂದ ನೇರ ಪೋಸ್ಟಾಫೀಸಿಗೆ ಹೋಗಿ ನಾಗಪುರಕ್ಕೆ ಮನಿಯಾರ್ಡರ್ ಮಾಡಿ, ರಸೀದಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ದಾರಿಯುದ್ದಕ್ಕೂ ಗೆದ್ದವನ ಹಾಗೆ ಕೂತಿರುತ್ತಿದ್ದೆ. ಮಗಳ ಕಾಗದಗಳೂ ಹಾಗೇ ಇದ್ದವು. ಇಲ್ಲಿ ಊಟದ ಮನೆಯಲ್ಲಿ ಎಲ್ಲರಿಗೂ ಒಂದೇ ನೀರಿನ ಹಂಡೆ ಅಪ್ಪಾ, ನಾನು ಮುಳುಗಿಸಿ ಕುಡಿದೆ, ಯಾರೂ ತಿರುಗಿ ನೋಡಲಿಲ್ಲ ಎಂದು ಬರೆದಿದ್ದಳು. ಆ ಕಾಗದವನ್ನು ಸಿದ್ದಮ್ಮ ಮೂರು ಸಲ ಓದಿಸಿದಳು.

ಪುಟ್ಟತಾಯಿಯ ಓದಿನ ಕೊನೆಯ ವರ್ಷದಲ್ಲಿ ಹಿಂದಿನ ಭಾಗ ಖಾಲಿಯಾಯಿತು. ಆಗ ನೀನು ಬಂದೆ.

ನಾನು ಒಳಗೆ ಸುಣ್ಣ ಹೊಡೆಯುತ್ತಿದ್ದೆ. ನೀನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಅರಕಲಗೂಡಿನವನು, ಹೊಸದಾಗಿ ಹಾಸನಕ್ಕೆ ಗುಮಾಸ್ತನಾಗಿ ಬಂದಿದ್ದೇನೆ, ಹದಿನೈದು ದಿನದಿಂದ ಛತ್ರದಲ್ಲಿದ್ದೇನೆ, ಎಲ್ಲಿ ಹೋದರೂ ಮೊದಲು ಜಾತಿ ಕೇಳುತ್ತಾರೆ, ಹೆಂಡತಿ ಬಸುರಿ — ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆಮೇಲೆ ಹೇಳಿದ ಮಾತು ನಿನಗೆ ಮರೆತಿರಬಹುದು —

"ಗೌಡ್ರು ನಿಮ್ ಮಾತು ತಗ್ದಾಕಾಕಿಲ್ಲ ಅಂತಾರಣ್ಣ. ಒಂದ್ಮಾತು ಯೋಳಿ. ಬಾವಿ ತಂಟೆಗೆ ನಾವು ಓಗಾಕಿಲ್ಲ. ಬೀದಿ ನಲ್ಲಿಯಿಂದ್ಲೇ ನೀರು ತತ್ತೀವಿ."

ನನ್ನ ಬಾವಿಯನ್ನು ಮುಟ್ಟುವುದಿಲ್ಲವೆಂದು ನನ್ನವನೇ ನನಗೆ ಮಾತು ಕೊಡುತ್ತಿದ್ದ.

ಹಿಂದಿನ ವಾರವಷ್ಟೇ ಮುಂಭಾಗದ ಗುಮಾಸ್ತರು ಎಚ್ಚರಿಸಿದ್ದರು: "ಹಿಂದಿನ ಮನೆಗೆ ಯಾರನ್ನ ಹಾಕ್ತೀರೋ ನೋಡಿಕೊಂಡು ಹಾಕಿ. ಬಾವಿ ಒಂದೇ ಅನ್ನೋದು ನಿಮ್ಮ ಗೌಡರಿಗೆ ನೆನಪಿರಲಿ. ಅಂಥವರು ಬಂದ ದಿನವೇ ನಾವು ಖಾಲಿ ಮಾಡ್ತೀವಿ." ಅವರು ಹೋದರೆ ಬಾಡಿಗೆ ನಿಲ್ಲುತ್ತದೆ; ಪುಟ್ಟತಾಯಿಯ ಪರೀಕ್ಷೆಗೆ ನಾಲ್ಕೈದು ತಿಂಗಳಿತ್ತು. ಇದನ್ನು ನೆಪವೆಂದು ಹೇಳುತ್ತಿಲ್ಲ. ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಏನಿತ್ತೆಂದು ಹೇಳುತ್ತಿದ್ದೇನೆ, ಅಷ್ಟೇ. ನನ್ನಲ್ಲಿ ಇನ್ನೊಂದು ಆಸೆಯೂ ಇತ್ತು — ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆ ಬೀದಿಯಲ್ಲಿ ನನ್ನ ಮನೆಯೂ ಉಳಿದ ಮನೆಗಳ ಹಾಗೆಯೇ ಇರಬೇಕು ಎಂಬ ಆಸೆ.

"ಗೌಡ್ರು ನಮ್ಮೋರ್ಗೆ ಕೊಡಾಕಿಲ್ಲ ಕಣಪ್ಪ. ನಾನಾಗ್ಲೇ ಕೇಳಿ ನೋಡ್ದೆ" ಎಂದೆ.

ಕೇಳಿರಲಿಲ್ಲ. ಕೇಳಿದ್ದರೆ ಅವರು ಏನೆನ್ನುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನೀನು ನನಗೇ ಕೈ ಮುಗಿದೆ. "ಕೇಳುದ್ರಲ್ಲ, ಅಷ್ಟೇ ಸಾಕು ಬುಡಣ್ಣ" ಎಂದೆ. ನಾನು ಮತ್ತೆ ಗೋಡೆಯ ಕಡೆ ತಿರುಗಿ ಸುಣ್ಣ ಹೊಡೆದೆ. ಒಂದೇ ಜಾಗಕ್ಕೆ ಎಷ್ಟು ಸಲ ಹೊಡೆದೆನೋ —

ಆಮೇಲಿನದು ನಿನಗೇ ಗೊತ್ತು. ಹೆಂಡತಿಯನ್ನು ನೀನು ಅರಕಲಗೂಡಿಗೆ ಕಳಿಸಿದೆ. ನೀನು ಯಾವುದೋ ಹಳ್ಳಿಯ ಕೊಟ್ಟಿಗೆಯ ಪಕ್ಕದಲ್ಲಿದ್ದುಕೊಂಡು ಅರಕಲಗೂಡಿಗೇ ವರ್ಗವಾಗುವವರೆಗೆ ಎರಡು ವರ್ಷ ಸೈಕಲ್ಲಿನಲ್ಲಿ ಕಚೇರಿಗೆ ಓಡಾಡಿದೆ. ಮಗ ಹುಟ್ಟಿದಾಗ ನೀನು ಹತ್ತಿರವಿರಲಿಲ್ಲ. ನಡೆಯಲು ಕಲಿತಾಗಲೂ ಇರಲಿಲ್ಲ. ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಇತ್ತ ನಮ್ಮ ಮನೆಯಲ್ಲಿ ಹಬ್ಬ. ಪುಟ್ಟತಾಯಿ ತೇರ್ಗಡೆಯಾದ ತಂತಿ ಬಂತು. ಆಸ್ಪತ್ರೆಯ ತರಬೇತಿ ಮುಗಿಸಿ ಅವಳು ಅರಸೀಕೆರೆಯಲ್ಲಿ ರೈಲಿಳಿದಾಗ ನಮ್ಮ ಕೇರಿಯ ಅರ್ಧ ಜನ ಪ್ಲಾಟ್‌ಫಾರಂನಲ್ಲಿದ್ದರು. ಅವಳ ಕೈಯಲ್ಲೊಂದು ಪುಟ್ಟ ಬುದ್ಧನ ವಿಗ್ರಹ, ಕೊರಳಲ್ಲಿ ಸ್ಟೆತಾಸ್ಕೋಪು. ಸಿದ್ದಮ್ಮ ಅದನ್ನು ಮುಟ್ಟಿ, "ಇದು ನಮ್ ಒಲದ್ದು" ಎಂದು ಎಲ್ಲರಿಗೂ ತೋರಿಸಿದಳು. ನಗುತ್ತಲೇ ಅತ್ತಳು.

ಹದಿನೈದು ದಿನದೊಳಗೆ ರಂಗೇಗೌಡರು ತಾವಾಗಿಯೇ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದರು. ನಾನು ನೆನಪಿಸಿರಲಿಲ್ಲ. ಮನೆಯನ್ನು ನನ್ನ ಹೆಸರಿಗೆ ನೋಂದಾಯಿಸಿಕೊಟ್ಟು, ಹೆಬ್ಬೆಟ್ಟಿನ ಶಾಯಿಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ, "ಈಗ ಎದೆ ಅಗುರಾಯ್ತು ಕಣ್ಲಾ" ಎಂದರು. ಹೊರಗೆ ಬಂದು ನಾನು ಆ ಪತ್ರದಲ್ಲಿ ನನ್ನ ಹೆಸರಿದ್ದ ಸಾಲನ್ನು ಗಟ್ಟಿಯಾಗಿ ಓದಿದೆ. ದಾರಿಹೋಕರು ನಿಂತು ನೋಡಿದರು. ನೋಡಲಿ ಎಂದೇ ಓದಿದೆ.

ಸುದ್ದಿ ಮುಂಭಾಗದ ಗುಮಾಸ್ತರಿಗೆ ಮುಟ್ಟಿತು. ಮೊದಲ ಸಲ ಅವರೇ ಮೆಟ್ಟಿಲಿಳಿದು ಬಂದರು. "ಇಷ್ಟು ವರ್ಷ ನಾನು ಕೊಟ್ಟ ಬಾಡಿಗೆ ನಿಮಗೇ ಸೇರ್ತಿತ್ತೇ?"

"ಔದು ಸಾ."

"ಆ ದುಡ್ಡಲ್ಲೇ ನಿಮ್ಮ ಹುಡುಗಿ ಡಾಕ್ಟರಾದಳೇ?"

"ಅದ್ರಲ್ಲೇ ಸಾ. ನಿಮ್ ಉಪಕಾರ ದೊಡ್ಡದು."

ಒಂದು ವಾರದಲ್ಲಿ ಮನೆ ಖಾಲಿ ಮಾಡಿದರು. ಅವರು ಬಿಟ್ಟುಹೋದ ಮುಂಭಾಗದಲ್ಲೇ ಪುಟ್ಟತಾಯಿ ದವಾಖಾನೆ ತೆರೆದಳು. ಬಾವಿಗೆ ಹೊಸ ರಾಟೆ ಹಾಕಿಸಿದೆ. ಬಂದವರೆಲ್ಲ ಅದರಿಂದಲೇ ಸೇದಿ ಕುಡಿಯಲಿ ಎಂದು ಹಗ್ಗ, ಕೊಡ ಅಲ್ಲೇ ಇಟ್ಟೆ. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ದಿನ ಮತ್ತೊಂದಿಲ್ಲ.

ಆ ದಿನ ನೀನೂ ಬಂದಿದ್ದೆ, ಹೆಂಡತಿ ಮಗನೊಡನೆ. ಪುಟ್ಟತಾಯಿಗೆ ಒಂದು ಗೋಡೆ ಗಡಿಯಾರ ತಂದಿದ್ದೆ. ನನ್ನನ್ನು ಅಪ್ಪಿಕೊಂಡೆ. ಮನೆಯನ್ನು ನಾನು ಗೌಡರಿಂದ ಆಗಷ್ಟೇ ಕೊಂಡೆನೆಂದೇ ನೀನು ತಿಳಿದಿದ್ದೆ. ಆಮೇಲೆ ಜಗಲಿಯ ಮೇಲೆ ಕೂತಿದ್ದ ರಂಗೇಗೌಡರ ಕಡೆ ತಿರುಗಿ, ಎಲ್ಲರೆದುರಿಗೆ ಹೇಳಿದೆ:

"ಬಾಡ್ಗೆಗೂ ನಮ್ಮೋರ್ಗೆ ಕೊಡಾಕಿಲ್ಲ ಅಂದಿದ್ರಿ ಗೌಡ್ರೇ. ಇವತ್ತು ಮನೇನೇ ನಮ್ಮಣ್ಣನ್ದಾಯ್ತು, ನೋಡಿ."

ಗೌಡರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ — ಅಷ್ಟರಲ್ಲೇ ಅವರಿಗೆಲ್ಲ ತಿಳಿದುಹೋಯಿತು. ಎಪ್ಪತ್ತು ದಾಟಿದ ಮನುಷ್ಯ. ನಿಧಾನಕ್ಕೆ ಎದ್ದು ನಿಂತು ನಿನಗೆ ಕೈ ಮುಗಿದರು.

"ತಪ್ಪಾಯ್ತು ಕಣಪ್ಪ. ಮನಸ್ನಲ್ಲಿ ಮಡೀಕಬ್ಯಾಡ" ಎಂದರು.

ಯಾರೋ ಚಪ್ಪಾಳೆ ತಟ್ಟಿದರು. ನೀನು ಗೆದ್ದವನಂತೆ ನನ್ನ ಕಡೆ ನೋಡಿದೆ. ನಾನು ಬಾಯಿ ಬಿಡಲಿಲ್ಲ. ನಿನಗೆ ಮನೆ ಇಲ್ಲವೆಂದದ್ದಕ್ಕಿಂತ ಈ ಮೌನ ದೊಡ್ಡದು, ನಂಜುಂಡಯ್ಯ. ಅವತ್ತಿನದು ಹೆದರಿಕೆಯಲ್ಲಿ ಆಡಿದ ಮಾತು. ದವಾಖಾನೆ ತೆರೆದ ದಿನವಾದರೋ ಮಗಳು ಡಾಕ್ಟರು, ಮನೆ ನನ್ನದು, ಹೆದರುವುದಕ್ಕೆ ಏನೂ ಉಳಿದಿರಲಿಲ್ಲ — ಆದರೂ ಸುಮ್ಮನಿದ್ದೆ.

ಗೌಡರನ್ನು ಬಸ್ಸಿಗೆ ಹತ್ತಿಸುವಾಗ ಕೇಳಿದೆ, ಯಾಕೆ ಹಾಗಂದಿರಿ ಎಂದು.

"ನಿನ್ ಮಗಳ ದಿನ ಅದು. ಅಲ್ಲಿ ಬ್ಯಾಡ ಅನ್ನುಸ್ತು. ನೀನೇ ಯೋಳ್ತೀಯ ಬುಡು, ಇವತ್ತಲ್ದಿದ್ರೆ ನಾಳೀಕೆ" ಎಂದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಆ ನಾಳೆಯನ್ನು ನಾನು ಐದು ವರ್ಷ ಮುಂದೂಡಿದೆ. ಹೋದ ವರ್ಷ ಗೌಡರು ತೀರಿಕೊಂಡರು. ಅವರ ತಿಥಿಗೆ ನಿನ್ನನ್ನು ಕರೆದಾಗ, ನಮ್ಮನ್ನು ಮನೆಗೆ ಸೇರಿಸದವರ ತಿಥಿಗೆ ನಾನೇಕೆ ಬರಲಿ ಎಂದೆಯಂತೆ. ನಿನ್ನ ಮಗನಿಗೂ ಆ ಕಥೆಯನ್ನೇ ಹೇಳಿಕೊಟ್ಟಿದ್ದೀಯಂತೆ. ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ನಿನಗೆ ಆ ಕಥೆಯನ್ನು ಕೊಟ್ಟವನು ನಾನು.

ಮೊನ್ನೆ ಪುಟ್ಟತಾಯಿಗೆ ಇದನ್ನೆಲ್ಲ ಹೇಳಿ, ನಿನಗೆ ಕಾಗದ ಬರೆಯುತ್ತೇನೆಂದೆ. ದವಾಖಾನೆಯಲ್ಲಿ ಕೊನೆಯ ರೋಗಿ ಹೋದ ಮೇಲೆ. ಅವಳು ಕೈ ತೊಳೆಯುತ್ತಿದ್ದಳು. ಬಹಳ ಹೊತ್ತು ತೊಳೆದಳು.

"ಅಂಗಾದ್ರೆ ನನ್ನ ಕೊನೇ ವರ್ಷದ ಓದು ನಂಜುಂಡಣ್ಣಂಗೆ ಇಲ್ಲ ಅಂದ ಮನೆ ದುಡ್ಡಲ್ಲಿ ನಡೀತು ಅನ್ನಿ" ಎಂದಳು. ಕೈ ಒರೆಸಿಕೊಂಡು, "ಟಪಾಲಿಗೆ ಹಾಕ್ಬೇಡಿ ಅಪ್ಪ. ನೀವೇ ಓಗಿ" ಎಂದಳು.

ಆ ಮನೆ ಕೊಂಡದ್ದಕ್ಕೆ ನನಗೆ ವಿಷಾದವಿಲ್ಲ. ಹೆಸರು ಮರೆಮಾಚಿ ಕೊಂಡದ್ದಕ್ಕೂ ಇಲ್ಲ. ಮಗಳು ಒಂದೊಂದು ಹೆರಿಗೆ ಮಾಡಿಸಿ ಹೊರಗೆ ಬಂದಾಗಲೂ ನನ್ನ ಎದೆ ಉಬ್ಬುತ್ತದೆ, ಇನ್ನು ಮುಂದೆಯೂ ಉಬ್ಬುತ್ತದೆ. ಆ ಹೆಮ್ಮೆಯ ಪಕ್ಕದಲ್ಲೇ ನೀನು ಕೈ ಮುಗಿದು ನಿಂತಿರುತ್ತೀಯ, ಗೌಡರೂ ಕೈ ಮುಗಿದು ನಿಂತಿರುತ್ತಾರೆ. ಕೈ ಮುಗಿಯಬೇಕಾಗಿದ್ದವನು ನಾನೊಬ್ಬನೇ.

ನಾಳೆ ಭಾನುವಾರ, ನೀನು ಮನೆಯಲ್ಲಿರುತ್ತೀಯ. ಮೊದಲ ಬಸ್ಸಿಗೆ ಅರಕಲಗೂಡಿಗೆ ಬರುತ್ತೇನೆ. ಇದನ್ನು ನಾನೇ ಓದುತ್ತೇನೆ. ನೀನು ಕ್ಷಮಿಸಬೇಕೆಂದು ಕೇಳುವುದಕ್ಕಲ್ಲ. ನಿನ್ನ ಮಗನನ್ನು ಎದುರಿಗೆ ಕೂರಿಸಿಕೋ — ಗೌಡರ ಹೆಸರು ಬರುವ ಕಡೆಯೆಲ್ಲ ಅವನಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತೇನೆ.