ನಾಯಕನಿಲ್ಲದ ಕಾಳಗ

ನನ್ನ ಚಿಕ್ಕಮ್ಮ ಕೋಪ ಬಂದರೆ ಕೂಗಾಡುವವಳಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂರುತ್ತಾಳೆ. ಸಂಗ್ರಹಾಲಯದ ಆಹ್ವಾನ ಪತ್ರ ಬಂದ ದಿನ ಎಷ್ಟು ಹೊತ್ತು ಒರೆಸಿದಳೆಂದರೆ, ಜ್ವರ ಬಂದಿದ್ದ ನನ್ನ ಮಗಳ ಹಣೆಯನ್ನು ಮೂರನೆಯ ಸಲ ಮುಟ್ಟಿ ನೋಡುತ್ತಿದ್ದ ನಾನೂ ಎದ್ದು ಬಂದೆ.

ಹಳೆಯ ವಿಡಿಯೋ ಗೇಮ್‌ಗಳ ಪರದೆಯಿಂದ ತೆಗೆದ ಅರವತ್ತು ಚಿತ್ರಗಳ ಪ್ರದರ್ಶನ ಎಂದಿತ್ತು ಪತ್ರದಲ್ಲಿ. ಚಿತ್ರಗಳನ್ನು ತೆಗೆದವರು: ಫೋಟೋ ಸ್ಟುಡಿಯೋದ ಯಜಮಾನರು.

ತೆಗೆದವಳು ಚಿಕ್ಕಮ್ಮ. ಆ ಸ್ಟುಡಿಯೋದಲ್ಲಿ ಅವಳದು ಹತ್ತೊಂಬತ್ತು ವರ್ಷದ ದುಡಿಮೆ. ಪಾಸ್‌ಪೋರ್ಟ್ ಫೋಟೋದಲ್ಲಿ ಮೊಡವೆ ಅಳಿಸುವುದು, ಮುಚ್ಚಿದ ಕಣ್ಣು ತೆರೆಸುವುದು. ಒಂದು ಚುಕ್ಕೆ ಆಚೀಚೆ ಆದರೂ ಅವಳಿಗೆ ಊಟ ಸೇರದು. ಸಂಗ್ರಹಾಲಯದ ಕೆಲಸ ಸಿಕ್ಕಾಗ ಯಜಮಾನರು, "ನಿನ್ನ ಹೆಸರೇ ಹಾಕಿಸ್ತೀನಮ್ಮ" ಎಂದಿದ್ದರು. ಅದೊಂದು ಮಾತಿಗಾಗಿ ಒಂದೂವರೆ ವರ್ಷ ಕೂತಳು.

ಹಳೆಯ ಗೇಮ್ ಯಂತ್ರವನ್ನು ಕಂಪ್ಯೂಟರಿನೊಳಗೆ ನಕಲು ಮಾಡಿ ಓಡಿಸುವುದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಅವಳು ಹಾಗೆ ಓಡಿಸುತ್ತಿದ್ದ ಯಂತ್ರ ಬರೆಯುತ್ತಿದ್ದುದು ಅಡ್ಡಕ್ಕೆ ಇನ್ನೂರ ಐವತ್ತಾರು ಚುಕ್ಕೆ, ಮೇಲಿಂದ ಕೆಳಗೆ ಇನ್ನೂರ ಇಪ್ಪತ್ತನಾಲ್ಕು. ಈಗಿನ ಪರದೆ ಅದನ್ನು ಹಿಗ್ಗಿಸಿ, ಅಂಚು ಸವರಿ ತೋರಿಸುತ್ತದೆ. ಕೀಬೋರ್ಡಿನ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಸಿಗುವುದು ಆ ಹಿಗ್ಗಿದ ಚಿತ್ರ. ಎಮ್ಯುಲೇಟರಿನದೇ ಕೀ ಒತ್ತಿದರೆ ಮಾತ್ರ ಯಂತ್ರ ಬರೆದದ್ದು ಚುಕ್ಕೆಗೆ ಚುಕ್ಕೆ ಸಿಗುತ್ತದೆ.

ಇನ್ನೂ ಒಂದು ತೊಡಕಿದೆ. ಪರದೆಯ ಒಂದೇ ಸಾಲಿನಲ್ಲಿ ಆಟದ ಗೊಂಬೆಗಳು ಹೆಚ್ಚಾದರೆ ಬಡಪಾಯಿ ಯಂತ್ರ ಎಲ್ಲರನ್ನೂ ಬರೆಯಲಾರದೆ ಸರದಿ ಹಚ್ಚುತ್ತದೆ. ಈ ಫ್ರೇಮಿನಲ್ಲಿ ನಾಯಕ ಇದ್ದರೆ ಮುಂದಿನದರಲ್ಲಿ ಮಾಯ. ಸೆಕೆಂಡಿಗೆ ಅರವತ್ತು ಫ್ರೇಮ್ ಓಡುವುದರಿಂದ ಆಡುವವರಿಗೆ ಸಣ್ಣ ಮಿನುಗಷ್ಟೇ ಕಾಣುತ್ತದೆ. ಚಿಕ್ಕಮ್ಮ ಆಟ ನಿಲ್ಲಿಸಿ, ಒಂದೊಂದೇ ಫ್ರೇಮ್ ಸರಿಸಿ, ನಾಯಕ ಹಾಜರಿರುವ ಗಳಿಗೆಯನ್ನು ಹಿಡಿಯುತ್ತಿದ್ದಳು. ಹಿಂದಿನಿಂದ ಹಾದುಹೋಗುವ ಯಜಮಾನರದು ಒಂದೇ ರಾಗ: "ಅಷ್ಟೆಲ್ಲ ಯಾರು ನೋಡ್ತಾರೆ ತಾಯಿ!"

"ಹೋಗಿ ಕೇಳಿಬಿಡು ಚಿಕ್ಕಮ್ಮ" ಎಂದೆ.

"ಕೇಳಿದ್ರೆ ಹಲ್ಲು ಕಿರೀತಾರೆ. ಕಾಯೋಣ ಇರು."

ಎರಡು ದಿನಕ್ಕೆ ಅವರದೇ ಫೋನ್ ಬಂತು. "ಇನ್ನೊಂದೇ ಒಂದು ಚಿತ್ರ ಬೇಕಂತಮ್ಮ, ಬಾಗಿಲ ಎದುರಿಗೆ ಹಾಕೋಕೆ. ಕೊನೇ ರಾಕ್ಷಸನ ಕಾಳಗದ್ದು. ಇವತ್ತೇ ಕಳಿಸ್ಬೇಕು."

"ನನಗಾಗಲ್ಲ ಸಾರ್. ಮಗೂಗೆ ಜ್ವರ." ಜ್ವರ ಹಿಂದಿನ ದಿನವೇ ಬಿಟ್ಟಿತ್ತು. ಮಗುವಿನ ಮೇಲೆ ಸುಳ್ಳು ಹೇಳುತ್ತಿದ್ದಾಳಲ್ಲ ಎಂದು ನನಗೆ ಪುಕಪುಕ.

"ಹಾಗಂದ್ರೆ ಹೇಗಮ್ಮ?"

"ತೆಗೆದವರು ನೀವೇ ಅಂತ ಪತ್ರದಲ್ಲಿ ಅಚ್ಚಾಗಿದ್ಯಲ್ಲ ಸಾರ್. ಒಂದು ಕೀ ಒತ್ತಿದ್ರೆ ಮುಗೀತು."

ಯಜಮಾನರು, "ಹೌದು ಮತ್ತೆ, ಅದೇನು ಬ್ರಹ್ಮವಿದ್ಯೆನಾ!" ಎಂದು ಫೋನ್ ಇಟ್ಟರು. ಯಾವ ಕೀ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಮಗುವನ್ನು ಎದೆಗವಚಿಕೊಂಡು ನಾನೂ ಹೋದೆ. ಜನರ ಉಸಿರು, ಸೀನು, ಧೂಳು, ಅದರ ಮೇಲೆ ಚಿಕ್ಕಮ್ಮ ಎಲ್ಲರೆದುರು ಏನು ಮಾಡಿಬಿಡುತ್ತಾಳೋ ಎಂಬ ಭಯ. ಬಾಗಿಲ ಎದುರೇ ಆಳೆತ್ತರದ ಕಾಳಗ ತೂಗುತ್ತಿತ್ತು. ಒಳಗಿನ ಅರವತ್ತು ಕೆತ್ತಿಟ್ಟ ಹಾಗಿದ್ದರೆ ಇದು ಹಬೆ ಕೂತ ಗಾಜಿನಂತಿತ್ತು. ರಾಕ್ಷಸ ಬಾಯಿ ತೆರೆದು ನಿಂತಿದ್ದ. ಬಾಣ ಗಾಳಿಯಲ್ಲಿತ್ತು. ಬಿಟ್ಟವನೇ ಇರಲಿಲ್ಲ.

ಸಂಗ್ರಹಾಲಯದ ಮೇಡಂ ಹತ್ತಿರ ಹೋದರು, ಹಿಂದೆ ಬಂದರು. "ನಾಯಕ ಎಲ್ಲಿ?"

ಯಜಮಾನರು ಕಾಲರ್ ಸರಿಮಾಡಿಕೊಂಡರು. "ಅದು... ಆ ಆಟನೇ ಹಾಗೆ ಮೇಡಂ."

"ಆಟ ಹಾಗಿಲ್ಲ" ಎಂದಳು ಚಿಕ್ಕಮ್ಮ.

ಬಂದವರು ಆಡಲೆಂದು ಇಟ್ಟಿದ್ದ ಕಂಪ್ಯೂಟರಿನಲ್ಲಿ ಅದೇ ಕಾಳಗ ತೆರೆದು ಒಂದೊಂದೇ ಫ್ರೇಮ್ ಸರಿಸಿದಳು. ಇದ್ದಾನೆ. ಇಲ್ಲ. ಇದ್ದಾನೆ. ಇಲ್ಲ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

"ನೀವೊಂದು ತೆಗೀರಿ ನೋಡೋಣ" ಎಂದರು ಮೇಡಂ ಯಜಮಾನರಿಗೆ. ಅವರು ಪ್ರಿಂಟ್ ಸ್ಕ್ರೀನ್ ಒತ್ತಿದರು. ಅಡ್ಡಕ್ಕೆ ಸಾವಿರದ ಒಂಬೈನೂರ ಇಪ್ಪತ್ತು ಚುಕ್ಕೆ. ಚಿಕ್ಕಮ್ಮ ತನ್ನ ಕೀ ಒತ್ತಿದಳು. ಇನ್ನೂರ ಐವತ್ತಾರು.

"ಒಳಗಿನ ಅರವತ್ತೂ ಇದೇ ಅಳತೆಯವು" ಎಂದರು ಮೇಡಂ ಮೆಲ್ಲಗೆ. ಯಜಮಾನರ ಮುಖ ಬಿಳುಚಿತು. ಹೇಳುವುದು ತಪ್ಪೆಂದು ಗೊತ್ತು, ಆದರೂ ಹೇಳುತ್ತೇನೆ: ಆ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಅವರು ಚಿಕ್ಕಮ್ಮನನ್ನು ಪಕ್ಕಕ್ಕೆ ಕರೆದು, "ನಮ್ಮ ನಮ್ಮಲ್ಲೇ ಇರ್ಲಿ ತಾಯಿ. ಇಬ್ಬರ ಹೆಸರೂ ಹಾಕಿಸೋಣ" ಎಂದರು.

"ಆಗ್ಲಿ ಸಾರ್. ಅರವತ್ತರ ಕೆಳಗೆ ನಂದು, ಇದೊಂದರ ಕೆಳಗೆ ನಿಮ್ದು."

"ಇದನ್ನ ಬದಲಾಯಿಸ್ತಾರಲ್ಲ?"

ಮೇಡಂಗೂ ಅದೇ ಯೋಚನೆಯಿತ್ತು. "ಈಗ ತೆಗೆದದ್ದನ್ನ ಕೊಡಿ, ನಾಳೆಯೇ ಹಾಕಿಸ್ತೀವಿ" ಎಂದರು. ಚಿಕ್ಕಮ್ಮ ಅವರ ಕಣ್ಣೆದುರೇ ಆ ಚಿತ್ರವನ್ನು ಅಳಿಸಿಹಾಕಿದಳು. "ಅದು ತೋರಿಸೋಕೆ ತೆಗೆದದ್ದು ಮೇಡಂ. ಒಪ್ಕೊಂಡಿದ್ದು ಅರವತ್ತು, ಅರವತ್ತೂ ಕೊಟ್ಟಾಗಿದೆ."

ಮೇಡಂ ಅವಳನ್ನೇ ಒಂದು ಕ್ಷಣ ನೋಡಿ, ನಗು ತಡೆದುಕೊಂಡು, "ಹಾಗಾದ್ರೆ ಇದು ಇಲ್ಲೇ ಇರ್ಲಿ" ಎಂದು ಹೊಸ ಹೆಸರಿನ ಚೀಟಿಗಳನ್ನು ಬರೆಸಲು ಹೋದರು.

ಪ್ರದರ್ಶನ ಮೂರು ತಿಂಗಳು. ಚಿಕ್ಕಮ್ಮ ಸ್ಟುಡಿಯೋ ಬಿಟ್ಟಳು. ಸಂಗ್ರಹಾಲಯಕ್ಕೆ ಮಾತ್ರ ವಾರ ವಾರ ಹೋಗುತ್ತಾಳೆ. ತನ್ನ ಅರವತ್ತನ್ನು ನೋಡುವುದಕ್ಕಲ್ಲ. ಬಾಗಿಲಲ್ಲೇ ನಿಂತು, ಬಂದವರು ಆ ಮಸುಕು ಕಾಳಗದ ಕೆಳಗಿನ ಹೆಸರು ಓದುವುದನ್ನು ನೋಡುತ್ತಾಳೆ. ಹಗೆ ಇಟ್ಟುಕೊಂಡವರಿಗೆ ರಕ್ತದೊತ್ತಡ ಏರುತ್ತದೆಂದು ಎಲ್ಲೋ ಓದಿ ನನಗೆ ಚಿಂತೆ ಹತ್ತಿತು.

"ಇನ್ನಾದರೂ ಹೊಟ್ಟೆಗೆ ಹಾಕ್ಕೋಬಾರದಾ ಚಿಕ್ಕಮ್ಮ?"

"ಹಾಕ್ಕೋತೀನಿ ಕಣೇ" ಎಂದಳು. "ಪ್ರದರ್ಶನ ಮುಗೀಲಿ."